ಲೇಬಲ್ ಇಲ್ಲದ ಒಂಬತ್ತು ಮೂಟೆ

ದರ್ಜಿಯಮ್ಮ ಯಾವ ಬಟ್ಟೆಗೇ ಬೆಲೆ ಕಟ್ಟಲಿ, ಮೊದಲು ಅದನ್ನು ಒಳಮಗ್ಗುಲಿಗೆ ತಿರುಗಿಸುತ್ತಿದ್ದರು. ಹೊರಗಿನಿಂದ ಎಲ್ಲ ಬಟ್ಟೆಯೂ ಚೆನ್ನಾಗಿಯೇ ಕಾಣುತ್ತದೆ, ನೆಂಟರೆದುರು ಕೈಕಟ್ಟಿ ಕೂತ ಮಕ್ಕಳ ಹಾಗೆ. ಹೊಲಿಗೆ ಎಷ್ಟು ಒತ್ತಾಗಿದೆ, ಅಂಚಿಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಎನ್ನುವುದೆಲ್ಲ ತಿಳಿಯುವುದು ಒಳಗೆ. ಮೂವತ್ತೆಂಟು ವರ್ಷ ಸ್ವಂತ ಹೊಲಿಗೆ ಅಂಗಡಿ ನಡೆಸಿದ್ದರು. ಸೂಜಿಗೆ ದಾರ ಪೋಣಿಸಲು ಕಣ್ಣು ಒಲ್ಲೆನೆಂದ ಮೇಲೆ, ಆರು ವರ್ಷದಿಂದ ಈ ಹಳೇ ಸಾಮಾನಿನ ಅಂಗಡಿಯಲ್ಲಿ ಬೆಲೆ ಚೀಟಿ ಸಿಕ್ಕಿಸುತ್ತಿದ್ದರು. ಜನ ತಮಗೆ ಬೇಡವಾದದ್ದನ್ನು ಹಿಂಬಾಗಿಲಲ್ಲಿ ಕೊಟ್ಟು ಹೋಗುತ್ತಿದ್ದರು, ಬೇಕಾದವರು ಮುಂಬಾಗಿಲಿನಿಂದ ಬಂದು ಕೊಳ್ಳುತ್ತಿದ್ದರು. ನಡುವೆ ಇದ್ದದ್ದು ದರ್ಜಿಯಮ್ಮನ ಮೇಜು.

ತಂಗಿಯ ಕಣ್ಣಿನ ಆಪರೇಷನ್ ಎಂದು ಒಂದು ವಾರ ರಜೆ ಹಾಕಿ ಅವತ್ತು ಮರಳಿ ಬಂದರೆ, ಮೇಜಿನ ಹತ್ತಿರ ಹೋಗಲು ದಾರಿಯಿರಲಿಲ್ಲ. ಬಾಯಿ ಕಟ್ಟಿದ ಒಂಬತ್ತು ಮೂಟೆಗಳು ಅಡ್ಡ ಬಿದ್ದಿದ್ದವು.

“ಇದೇನಿದು, ಯಾರಾದ್ರೂ ಮನೆ ಖಾಲಿ ಮಾಡಿದ್ರಾ?”

“ಚಿಂದಿ ಅಮ್ಮಾ,” ಎಂದ ಮ್ಯಾನೇಜರ್. ಹೊಸಬ, ತಿಂಗಳೂ ಆಗಿರಲಿಲ್ಲ. “ಲೇಬಲ್ ಇಲ್ಲದ್ದನ್ನೆಲ್ಲ ಬೇರೆ ಮಾಡಿಸ್ದೆ. ಇನ್ನು ಮೇಲೆ ಲೇಬಲ್ ನೋಡೋದು, ಫೋನ್‌ನಲ್ಲಿ ಹುಡುಕೋದು, ಅಲ್ಲಿರೋ ಬೆಲೆಯ ಕಾಲುಭಾಗ ಹಾಕೋದು. ಲೇಬಲ್ ಇಲ್ಲ ಅಂದ್ರೆ ಬೆಲೆ ಸಿಗಲ್ಲ. ಬೆಲೆ ಸಿಗದ್ದಕ್ಕೆ ಹ್ಯಾಂಗರ್ ಯಾಕೆ ದಂಡ?”

ದರ್ಜಿಯಮ್ಮ ಒಂದು ಮೂಟೆಯ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿದರು. ಬೂದುಬಣ್ಣದ ಉಣ್ಣೆ ಕೋಟೊಂದು ಬಂತು. ಕಾಲರಿನ ಒಳಗೆ ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆ, ಸಾಲು ಸಾಲು, ಎಲ್ಲ ಕೈಯಲ್ಲೇ ಹಾಕಿದ್ದು. ಮತ್ತೆ ಕೈ ಹಾಕಿದರು. ಹೆಣ್ಣುಮಗುವಿನ ಫ್ರಾಕು. ಅಂಚನ್ನು ಮೂರು ಸಲ ಮಡಚಿ ಹೊಲಿದಿದ್ದರು, ಮಗು ಎತ್ತರವಾದ ಹಾಗೆ ಒಂದೊಂದೇ ಮಡಿಕೆ ಬಿಚ್ಚಿಕೊಳ್ಳಲಿ ಎಂದು. ಅದನ್ನು ಹೊಲಿದವರು ಆ ಮಗುವಿಗೆ ಮೂರು ವರ್ಷದ ಬಟ್ಟೆಯನ್ನು ಒಂದರಲ್ಲೇ ಕೊಟ್ಟಿದ್ದರು.

“ಇದು ಚಿಂದಿನಾ?”

“ಯಾವ ಕಂಪನಿದು ಅಂತಾನೇ ಗೊತ್ತಿಲ್ವಲ್ಲ ಅಮ್ಮಾ.”

“ಲೇಬಲ್ ಹಾಕೋದು ಕಂಪನಿಯವರು ಕಣಪ್ಪಾ. ದರ್ಜಿ ಹಾಕಲ್ಲ. ನಾನು ಮೂವತ್ತೆಂಟು ವರ್ಷದಲ್ಲಿ ಒಂದಕ್ಕೂ ಹಾಕಿಲ್ಲ. ಹಾಗಾದ್ರೆ ನಾನು ಹೊಲಿದದ್ದೆಲ್ಲ ಚಿಂದಿ ಅನ್ನು.”

“ಅಯ್ಯೋ, ನಿಮ್ಮನ್ನ ಯಾರಂದ್ರು? ನಾನು ಹೇಳಿದ್ದು ಬಟ್ಟೆ ವಿಷಯ.”

“ಬಟ್ಟೆ ಬಿಟ್ಟು ನನ್ನ ಹತ್ರ ಇನ್ನೇನಿದೆ?”

ಮ್ಯಾನೇಜರ್ ಕೆಟ್ಟವನೇನಲ್ಲ. ಬಂದ ಮೊದಲ ದಿನವೇ ಅವರ ಮರದ ಕುರ್ಚಿ ನೋಡಿ, ಯಾರೂ ಕೇಳದೆಯೇ ಒಂದು ಮೆತ್ತೆ ತಂದು ಹಾಕಿದ್ದ. ಅದು ನೆನಪಾಗಿ ದರ್ಜಿಯಮ್ಮ ದನಿ ತಗ್ಗಿಸಿದರು. “ಒಂದೇ ಒಂದು ಸ್ಟ್ಯಾಂಡ್ ಕೊಡು. ಇದರಲ್ಲಿ ಒಳ್ಳೇದನ್ನ ಆರಿಸಿ ನೇತುಹಾಕ್ತೀನಿ. ಒಂದು ವಾರದಲ್ಲಿ ಹೋಗದಿದ್ರೆ ನೀನು ಹೇಳಿದ ಹಾಗೆ ಮಾಡು.”

“ಆಗಲ್ಲ ಅಮ್ಮಾ. ಕಿಲೋ ಲೆಕ್ಕದಲ್ಲಿ ಚಿಂದಿ ಒಯ್ಯೋ ಲಾರಿ ನಾಲ್ಕಕ್ಕೆ ಬರುತ್ತೆ. ಹೀಗೆ ಮೂಟೆ ಬಿಚ್ಚೋದೇ ಆದ್ರೆ ನಾಳೆಯಿಂದ ನೀವು ಬರೋದು ಬೇಡ.” ಹೇಳಿಬಿಟ್ಟು ಅವನಿಗೇ ಇರಿಸುಮುರಿಸಾಯಿತು. ಆದರೂ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ದರ್ಜಿಯಮ್ಮ ಕೋಟು, ಫ್ರಾಕು ಎರಡನ್ನೂ ಮಡಚಿ ಒಳಗಿಟ್ಟು ಮೂಟೆಯ ಬಾಯಿ ಕಟ್ಟಿದರು. ಮಧ್ಯಾಹ್ನವಿಡೀ ತುಟಿ ಬಿಚ್ಚದೆ ಲೇಬಲ್ ಇದ್ದ ಬಟ್ಟೆಗಳಿಗೆ ಚೀಟಿ ಸಿಕ್ಕಿಸಿದರು. ಕಂಕುಳಲ್ಲಿ ಹರಿದ ಒಂದು ಶರ್ಟಿಗೆ, ಕತ್ತಿನ ಹಿಂದೆ ದೊಡ್ಡ ಹೆಸರಿತ್ತೆಂದು, ಫೋನು ಮುನ್ನೂರು ಹೇಳಿತು. ಅದನ್ನೂ ಬರೆದರು. ಗಲ್ಲಾದಲ್ಲಿ ಕೂರುವ ಹೆಂಗಸು ಎರಡು ಸಲ ಇಣುಕಿ ನೋಡಿ, ಮೂರನೇ ಸಲ ಚಹಾ ತಂದಿಟ್ಟು, “ಅಕ್ಕಾ, ನೀವು ಹಿಂಗೆ ಸುಮ್ನಿದ್ರೆ ನಂಗೆ ಭಯ ಆಗುತ್ತೆ,” ಎಂದಳು.

ನಾಲ್ಕಕ್ಕೆ ಲಾರಿ ಬಂತು. ಲಾರಿಯವನು ತೂಕದ ಕೊಕ್ಕೆಯನ್ನು ಹಿಂಬಾಗಿಲಿನ ಕಂಬಿಗೆ ಸಿಕ್ಕಿಸಿದ. ಮೊದಲ ಮೂಟೆಗೆ ಅವನು ಕೈ ಹಾಕುವ ಹೊತ್ತಿಗೆ ದರ್ಜಿಯಮ್ಮ ಕೈಚೀಲ ಹಿಡಿದು ಎದ್ದು ಬಂದರು.

“ಕಿಲೋಗೆ ಎಷ್ಟು ಕೊಡ್ತೀಯಪ್ಪಾ?”

“ಎಂಟು ಅಮ್ಮಾ.”

“ನಾನು ಒಂಬತ್ತು ಕೊಡ್ತೀನಿ. ತೂಗು. ಒಂಬತ್ತೂ ಮೂಟೆ ನನಗೆ.”

ಮ್ಯಾನೇಜರ್ ನಕ್ಕ. ಅವರು ನಗಲಿಲ್ಲವೆಂದು ಕಂಡು ನಿಲ್ಲಿಸಿದ. “ಅಮ್ಮಾ, ಏನು ತಮಾಷೆ ಇದು?”

“ಬೆಲೆ ಕಟ್ಟಿದ್ದು ನೀನು. ಚಿಂದಿ ಅಂದೆ, ಕಿಲೋ ಲೆಕ್ಕ ಅಂದೆ. ಆರು ವರ್ಷದಲ್ಲಿ ಈ ಅಂಗಡೀಲಿ ಇಷ್ಟು ಅಗ್ಗದ ಮಾಲು ನಾನು ಕಂಡಿಲ್ಲ. ಬಿಡೋಕೆ ನನಗೇನು ತಲೆ ಕೆಟ್ಟಿದೆಯಾ?”

ಹೊಸ ಕನ್ನಡಕಕ್ಕೆಂದು ಇಟ್ಟುಕೊಂಡಿದ್ದ ಹಣ ಕೈಚೀಲದಲ್ಲಿತ್ತು. ಮ್ಯಾನೇಜರ್ ಲಾರಿಯವನ ಮುಖ ನೋಡಿದ, ಅವನಾದರೂ ತಕರಾರು ತೆಗೆಯಲಿ ಎಂದು. ಲಾರಿಯವನು ಆಗಲೇ ಮೂಟೆ ತೂಗಲು ಶುರುಮಾಡಿದ್ದ. “ನನಗೆ ಊರ ತುಂಬ ಚಿಂದಿ ಇದೆ ಸಾರ್. ಅಮ್ಮ ತಗೊಳ್ಳಲಿ,” ಎಂದ. ಮುಳ್ಳು ಅಲ್ಲಾಡುವುದು ನಿಲ್ಲುವವರೆಗೆ ಪ್ರತಿ ಮೂಟೆಗೂ ಕಾದ, ಒಂದು ಗುಲಗಂಜಿ ಹೆಚ್ಚುಕಮ್ಮಿ ಆಗಬಾರದು ಎನ್ನುವ ಹಾಗೆ. ದರ್ಜಿಯಮ್ಮ ಮ್ಯಾನೇಜರ್ ಕೈಗೆ ಹಣ ಎಣಿಸಿ ಕೊಟ್ಟಾದ ಮೇಲೆ, ಲಾರಿಯವನು ಹೇಳಿಸಿಕೊಳ್ಳದೆಯೇ ಒಂಬತ್ತೂ ಮೂಟೆ ಹೊತ್ತು ರಸ್ತೆಯಾಚೆ ದಾಟಿಸಿ, ತನ್ನ ಹಗ್ಗವನ್ನು ಎರಡು ಕಂಬಗಳಿಗೆ ಎಳೆದು ಕಟ್ಟಿಕೊಟ್ಟ.

ದರ್ಜಿಯಮ್ಮ ತಂಗಿಗೆ ಫೋನ್ ಮಾಡಿದರು.

“ಒಂಬತ್ತು ಮೂಟೆನಾ? ಅಕ್ಕಾ, ನಮಗಿರೋದು ಎರಡು ಕೋಣೆ. ಮಲಗೋದೆಲ್ಲಿ, ಮೂಟೆ ಮೇಲಾ?”

“ಮೆತ್ತಗಿರುತ್ತೆ ಬಿಡೇ.”

“ಕೆಲಸ?”

“ಹೋಯ್ತು ಅನ್ಸುತ್ತೆ.”

“ಇರು, ಬರ್ತೀನಿ. ಬಟ್ಟೆ ಕ್ಲಿಪ್ಪು ತರ್ತೀನಿ. ಕಪ್ಪು ಕನ್ನಡಕ ಹಾಕ್ಕೊಂಡೇ ಬರ್ತೀನಿ, ನೋಡಿದವರು ನನ್ನನ್ನೇ ಓನರ್ ಅಂದ್ಕೊಳ್ಳಲಿ.”

ಹಗ್ಗದ ಮೇಲೆ ಮೂವತ್ತು ಬಟ್ಟೆ ಏರುವಷ್ಟರಲ್ಲಿ ಅಂಗಡಿಯಿಂದ ಹೊರಬಂದ ಗಿರಾಕಿಗಳು ರಸ್ತೆ ದಾಟತೊಡಗಿದರು. ಅವರ ಹಿಂದೆಯೇ ಮ್ಯಾನೇಜರ್ ಬಂದ.

“ಅಮ್ಮಾ, ಅಂಗಡಿ ಎದುರಿಗೇ ಹೀಗೆ ಮಾಡೋದು ಸರೀನಾ?”

“ಎಲ್ಲಿಗೆ ಹೋಗ್ಲಿ? ನನ್ನನ್ನ ಬಲ್ಲ ಗಿರಾಕಿಗಳು ಬರೋದು ಇಲ್ಲಿಗೇ ತಾನೆ?”

“ನಾನು ಕೋಪದಲ್ಲಿ ಹೇಳ್ದೆ. ನಾಳೆ ಬನ್ನಿ. ನಿಮ್ಮ ಮೇಜು ನಿಮಗೇ ಇದೆ.”

“ಲೇಬಲ್ ಇಲ್ಲದ್ದನ್ನೂ ನೇತುಹಾಕ್ತೀಯಾ?”

ಅವನು ನೆಲ ನೋಡಿದ. “ಅದೊಂದು ಬಿಟ್ಟು.”

“ಹಾಗಿದ್ರೆ ಬರಲ್ಲ. ಮೆತ್ತೆ ತಂದು ಹಾಕಿದ್ದೆಯಲ್ಲ, ಅದನ್ನ ಮರೆಯಲ್ಲ. ಆದ್ರೆ ಅದರ ಮೇಲೆ ಕೂತು ಈ ಕೈಯಿಂದ ಇಂಥ ಬಟ್ಟೆ ಚಿಂದಿಗೆ ಹಾಕೋಕೆ ನನ್ನಿಂದಾಗಲ್ಲ.” ಅವನ ಜಾಕೀಟಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. “ಒಳಗಿನ ಅಸ್ತರು ಕಿತ್ತುಬಂದಿದೆ. ದೊಡ್ಡ ಹೆಸರಿನದೇ ಇರಬೇಕು. ಬಿಡುವಾದಾಗ ತಂದುಕೊಡು, ತಂಗಿ ಕೈಲಿ ದಾರ ಪೋಣಿಸಿಸಿ ಹೊಲಿದುಕೊಡ್ತೀನಿ.”

ಅವನು ತೋಳು ಬಿಡಿಸಿಕೊಂಡ. ಆದರೂ ಅಲ್ಲಿಂದ ಹೋಗಲಿಲ್ಲ.

ಅಷ್ಟರಲ್ಲಿ ಒಬ್ಬ ಹೆಂಗಸು ಬೂದು ಕೋಟನ್ನು ಹಗ್ಗದಿಂದ ಇಳಿಸಿ, ಕತ್ತಿನ ಹಿಂದೆ ಹುಡುಕಿ, ಏನೂ ಸಿಗದೆ ಕೇಳಿದಳು: “ಇದು ಯಾವ ಕಂಪನಿದು?”

“ಯಾರೋ ನನ್ನಂಥ ದರ್ಜಿ ಹೊಲಿದದ್ದು,” ಎಂದರು ದರ್ಜಿಯಮ್ಮ, ರಸ್ತೆಯಾಚೆಗೂ ಕೇಳುವಷ್ಟು ಗಟ್ಟಿಯಾಗಿ. “ಐನೂರು. ಒಂದು ಬಿಡಿಗಾಸೂ ಇಳಿಸಲ್ಲ. ಒಳಗೆ ತಿರುಗಿಸಿ ನೋಡಿ, ಆಮೇಲೆ ಚೌಕಾಶಿ ಮಾಡೋ ಧೈರ್ಯ ಇದ್ರೆ ಮಾಡಿ.”

ಹೆಂಗಸು ಕೋಟನ್ನು ಒಳಮಗ್ಗುಲಿಗೆ ತಿರುಗಿಸಿದಳು. ಮ್ಯಾನೇಜರ್ ಕೂಡ ಕತ್ತು ಚಾಚಿ ನೋಡಿದ.