ಹಗ್ಗದ ಆ ತುದಿ

ಸರ್ವೇ ಟೇಪಿನ ತುದಿಯ ಕಬ್ಬಿಣದ ಉಂಗುರ ಬಿಸಿಲಿಗೆ ಕಾದು ಚುರುಕ್ಕೆಂದಿತು, ಅವನು ಬೆರಳು ಬದಲಿಸಿ ಮತ್ತೆ ಹಿಡಿದ, ಹಗ್ಗವಾಗಿದ್ದರೆ ಸುಡುತ್ತಿರಲಿಲ್ಲ, ಆ ರಾಜನ ಕಾಲಕ್ಕೆ ಹಗ್ಗವೇ ಅಲ್ಲವೇ — ಭಾನುವಾರ ಬೈಬಲ್ ಓದುಕೂಟದಲ್ಲಿ ಆ ಅಧ್ಯಾಯ ಬಿಡಿಸಿ ಹೇಳುವ ಸರದಿ ಅವನದು, ದಾವೀದ ರಾಜ ನೆರೆನಾಡಿನ ಮೋವಾಬ್ಯರನ್ನು ಗೆದ್ದ, ಸೆರೆಸಿಕ್ಕವರನ್ನು ನೆಲದ ಮೇಲೆ ಸಾಲಾಗಿ ಮಲಗಿಸಿ ಹಗ್ಗದಿಂದ ಅಳೆಸಿದ, ಎರಡು ಹಗ್ಗದುದ್ದಕ್ಕೆ ಬಂದವರಿಗೆ ಸಾವು, ಮೂರನೆಯ ಹಗ್ಗದವರಿಗೆ ಜೀವ, ಅಷ್ಟೇ, ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಾನೆ ಬರೆದ ಪುಣ್ಯಾತ್ಮ, ಮುಂದಿನ ಸಾಲಿಗೆ ಹೋದರೆ ಇನ್ನೊಂದು ಯುದ್ಧ. ಇದರಲ್ಲಿ ಬಿಡಿಸೋಕೆ ಏನಿದೆಯಪ್ಪಾ, ದೇವರು ಗೆಲ್ಲಿಸಿದ, ರಾಜ ಗೆದ್ದ, ಅಂದಿದ್ದರು ಕೂಟದ ಮೇಷ್ಟ್ರು, ಹೌದು ಸಾರ್, ಆದರೆ ಹಗ್ಗ ಯಾಕೆ, ತಲೆ ಎಣಿಸಬಹುದಿತ್ತಲ್ಲ, ಅಂದ ಅವನು, ನಿನಗೆ ಬಿಡಪ್ಪಾ, ಎಲ್ಲಿಗೆ ಹೋದರೂ ಅಳತೆಯದೇ ಚಿಂತೆ, ಎಲ್ಲರೂ ನಕ್ಕರು, ಅವನೂ ನಕ್ಕ, ಆ ನಗು ಮನೆವರೆಗೆ ಬರಲಿಲ್ಲ. ಎಣಿಸಬೇಕೆಂದರೆ ಮುಖ ನೋಡಬೇಕು, ಹಗ್ಗಕ್ಕೆ ಮುಖ ಬೇಡ — ಇದು ಹೊಳೆದದ್ದು ನಿನ್ನೆ, ಇದೇ ಕಾಲುವೆ ದಂಡೆಯಲ್ಲಿ, ದಂಡೆಯಿಂದ ಎರಡು ಟೇಪು ದೂರದವರೆಗಿನ ಮನೆಗಳಿಗೆ ಒತ್ತುವರಿಯೆಂದು ಕೆಂಪು ಗುರುತು, ಅವು ಬುಲ್ಡೋಜರಿಗೆ, ಅದರಾಚೆಯವು ಉಳಿದವು, ಮೂರನೆಯ ಟೇಪಿನವರು ಬಾಗಿಲಲ್ಲಿ ನಿಂತು ಎದುರುಮನೆಯವರ ಕಣ್ಣು ತಪ್ಪಿಸುತ್ತಿದ್ದರು. ಅದಕ್ಕಿಂತ ವಿಚಿತ್ರ, ಹಿಂದಿನ ಪುಟ ತಿರುವಿದರೆ, ಇದೇ ದಾವೀದ ತಲೆತಪ್ಪಿಸಿಕೊಂಡು ಅಲೆಯುತ್ತಿದ್ದಾಗ ಅಪ್ಪ ಅಮ್ಮನನ್ನು ಆಸರೆಗೆ ಬಿಟ್ಟುಬಂದದ್ದು ಮೋವಾಬಿನಲ್ಲೇ, ಅವನ ಮುತ್ತಜ್ಜಿಯ ತವರೂ ಅದೇ, ನೆರಳು ಕೊಟ್ಟವರನ್ನೇ ಮಲಗಿಸಿ ಅಳೆದನೇ, ಯಾಕೆ, ನಡುವೆ ಏನಾಯಿತು, ಪುಸ್ತಕ ಬಾಯಿ ಬಿಡುವುದಿಲ್ಲ.

ಏಯ್, ಎಲ್ಲಿದೀಯಾ, ಬಿಗಿಯಾಗಿ ಎಳೀ, ಟೇಪಿನ ಆಚೆ ತುದಿಯಿಂದ ಸರ್ವೇ ಸಾಹೇಬ ಕೂಗಿದ, ಇವನು ಎಳೆದ, ಹಿಂದಕ್ಕೆ ಹೆಜ್ಜೆಯಿಟ್ಟ, ಹಿಮ್ಮಡಿಗೆ ಕಲ್ಲುಹೊಸ್ತಿಲು ತಾಗಿತು, ತಿರುಗಿ ನೋಡಬೇಕಿರಲಿಲ್ಲ, ಇದರ ಮೂಲೆ ಒಡೆದದ್ದು ಅವನೇ, ಏಳನೇ ವಯಸ್ಸಿನಲ್ಲಿ, ಅಪ್ಪ ಅಮ್ಮ ಹೋದ ಮೇಲೆ ಅಕ್ಕ ಅವನನ್ನು ಸಾಕಿದ್ದು ಈ ಒಂದೇ ಕೋಣೆಯಲ್ಲಿ. ಬಂದೆಯೇನೋ, ಅಂದಳು ಅಕ್ಕ ಒಳಗಿಂದ, ಹೊಲಿಗೆ ಯಂತ್ರ ನಿಲ್ಲಿಸದೆ, ಯಾವ ಟೇಪಿನಲ್ಲಿದೀನೋ ನಾನು, ಎರಡನೇದು ಅಕ್ಕಾ, ಹಾಗಾದ್ರೆ ನೆಟ್ಟಗೆ ಹಿಡಿಯೋ, ಒಂದಡಿ ಹೆಚ್ಚುಕಡಿಮೆ ಆದರೆ ನಿಮ್ಮ ಸಾಹೇಬ ಬೈದಾನು — ಕುಹಕವೋ ಅಕ್ಕರೆಯೋ, ಅವಳದು ಯಾವಾಗಲೂ ಎರಡೂ. ರಾಜ ಹಗ್ಗ ಹಿಡಿದಿರಲಿಕ್ಕಿಲ್ಲ, ರಾಜರು ಹಿಡಿಯುವುದಿಲ್ಲ, ಹಾಗಂತ ಹಗ್ಗ ತಾನೇ ಅಳೆಯುತ್ತದೆಯೇ, ಅಳೆಯೋಕೆ ಇಬ್ಬರು ಬೇಕು, ಇಪ್ಪತ್ತು ವರ್ಷದ ಚಾಕರಿಯಲ್ಲಿ ಕಲಿತದ್ದು ಇದೊಂದೇ, ಆ ತುದಿ ಹಿಡಿದವನು ಯಾರು, ಗೆಲುವಿನ ಕಥೆಯಲ್ಲಿ ಅವನ ಸುದ್ದಿಯೇ ಇಲ್ಲ, ಅವನ ಅಂಗೈ ಬೆವರಿತ್ತೇ, ಮಲಗಿದ ಸಾಲಿನಿಂದ ಯಾರಾದರೂ ತಲೆಯೆತ್ತಿ ಬಂದೆಯೇನೋ ಅಂದರೇ, ಏಯ್ ಎಳೀ ಅಂತೀನಿ, ಮತ್ತೆ ಸಾಹೇಬ, ಆ ತುದಿಯವನು ಬಿಟ್ಟಿದ್ದರೆ, ಬಿಟ್ಟಿದ್ದರೆ ಇನ್ನೊಬ್ಬ ಹಿಡಿಯುತ್ತಿದ್ದ, ಹಿಡಿಯಲಿ, ಆ ಇನ್ನೊಬ್ಬ ಬರುವಷ್ಟು ಹೊತ್ತಾದರೂ ಹಗ್ಗ ನೆಲದಲ್ಲಿ — ಇವನ ಬೆರಳಿಂದ ಬಿಸಿ ಉಂಗುರ ಜಾರಿ ಹೊಸ್ತಿಲ ಮೇಲೆ ಟಣ್ಣೆಂದಿತು, ಹೊಲಿಗೆ ಯಂತ್ರ ನಿಂತಿತು, ಅವನಿಗೆ ಕಂಡದ್ದು ರಾಜನ ಹಗ್ಗದ ಆ ತುದಿಯಲ್ಲಿ ಒಂದು ಕೈ, ಮುಖ ಕಾಣದು, ಕೈ ಮಾತ್ರ, ಬೆರಳು ಬಿಚ್ಚಿದ ಕೈ.