ವಾರಿಜಾ ಹೇಳಿದ ಹೂಂ

ಆಟಿಯ ಜಡಿಮಳೆಯ ತಿಂಗಳು ಮುಗಿದು ಬಂದ ಸೋಣ ತಿಂಗಳು ಅರ್ಧ ಕಳೆದಿತ್ತು. ಇನ್ನಂಜೆಯ ಗದ್ದೆಗಳಲ್ಲಿ ಪೈರು ಹೊಡೆ ತುಂಬಿ ನಿಂತಿತ್ತು. ಮಳೆ ಸ್ವಲ್ಪ ಹೊತ್ತು ಬಿಟ್ಟು ಬಿಸಿಲು ಬರುವುದು, ಬಿಸಿಲನ್ನು ನಂಬಿ ಯಾರಾದರೂ ಬಟ್ಟೆ ಹರವಿದರೆ ಮತ್ತೆ ಸುರಿಯುವುದು. ಬೀಡಿ ಕಟ್ಟುವವರಿಗೆ ಇದು ಕಷ್ಟದ ಕಾಲ. ತಂಬಾಕು ತೇವ ಹಿಡಿಯುತ್ತದೆ. ಕಟ್ಟಿದ ಬೀಡಿಯನ್ನು ಒಲೆಯ ಹತ್ತಿರ ಇಟ್ಟು ಬೆಚ್ಚಗೆ ಮಾಡದಿದ್ದರೆ ಬೂಸ್ಟು ಬಂದು, ಬೀಡಿ ಕೊಂಡುಕೊಳ್ಳುವ ಕಂಪೆನಿಯ ಕಾಪುವಿನ ಬ್ರಾಂಚಿನಲ್ಲಿ ಬದಿಗೆ ಎಸೆಯುತ್ತಾರೆ.

ವಾರಿಜಾ ಜಗಲಿಯ ಕಂಬಕ್ಕೆ ಒರಗಿ, ಮಡಿಲಲ್ಲಿ ತಂಬಾಕಿನ ಮೊರ ಇಟ್ಟುಕೊಂಡು ಕೂತಿದ್ದಳು. ಎಡಗೈ ಎಲೆ ಹಿಡಿಯುತ್ತಿತ್ತು, ಬಲಗೈ ಚಿಟಿಕೆ ತಂಬಾಕು ಹಾಕುತ್ತಿತ್ತು, ಎರಡೂ ಸೇರಿ ಸುತ್ತಿ, ಉಗುರಿನಿಂದ ಬಾಯಿ ಮಡಚಿ, ನೂಲು ಬಿಗಿದು ಮೊರದ ಅಂಚಿಗೆ ಹಾಕುತ್ತಿದ್ದವು. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಕಟ್ಟಿದ ಕೈಗಳು. ಅವಳನ್ನು ಕೇಳದೆ ತಮ್ಮ ಪಾಡಿಗೆ ನಡೆಯುತ್ತಿದ್ದವು. ಅವಳ ಕಿವಿ ರೇಡಿಯೋದಲ್ಲಿತ್ತು. ಕಣ್ಣು ತೋಡಿನ ಆಚೆಯ ದಾರಿಯಲ್ಲಿತ್ತು. ಮನಸ್ಸು ಬೊಂಬಾಯಿಯ ಕ್ಯಾಂಟೀನಿನಲ್ಲಿದ್ದ ಗಂಡ ಗುಣಪಾಲನ ಹತ್ತಿರ ಇತ್ತು. ಆ ರೇಡಿಯೋ ಅವನೇ ಹಿಂದಿನ ಬೇಸಗೆಯಲ್ಲಿ ತಂದದ್ದು.

ಪಕ್ಕದಲ್ಲಿ ಅವಳ ಅಮ್ಮ ಬಾಗಿ. ಕಣ್ಣು ಮಂಜಾದ ಮೇಲೆ ಬಾಗಿಗೆ ಬೀಡಿ ಕಟ್ಟಲು ಆಗುತ್ತಿರಲಿಲ್ಲ. ಎಲೆಯ ನರ ಬಿಡಿಸುವುದು, ಆದ ಬೀಡಿಯನ್ನು ಕಟ್ಟು ಮಾಡುವುದು ಅವಳ ಪಾಲಿನ ಕೆಲಸ. ಅದಕ್ಕಿಂತ ಹೆಚ್ಚು ಮಾತು. ಎದುರಿಗೆ ಆಚೆಮನೆಯ ನಫೀಸಮ್ಮ. ಅಡುಗೆ ಮುಗಿಸಿ ತನ್ನ ಮೊರ ಹಿಡಿದು ಇಲ್ಲಿಗೇ ಬಂದು ಕೂರುವುದು ವಾಡಿಕೆ.

"ಕೇಳ್ತಾ ಇದ್ದೀಯಾ ಇಲ್ವಾ?" ಎಂದಳು ಬಾಗಿ.

"ಹೂಂ."

"ಎಂತ ಹೇಳಿದೆ? ಹೇಳು ನೋಡುವಾ."

"ಅದೇ, ಮೇಲಿನ ಮನೆಯ ದನ ಕರು ಹಾಕಿದ್ದು."

"ಅದು ಮೊನ್ನೆ ಹೇಳಿದ್ದು ಮಾರಾಯ್ತಿ. ಈಗ ಹೇಳಿದ್ದು ಬಾವಿಕಟ್ಟೆಯ ಕಲ್ಲು ಜಾರುವ ವಿಷಯ."

ನಫೀಸಮ್ಮ ನಕ್ಕುಬಿಟ್ಟಳು. "ಇವಳ ಹೂಂ ಒಂದು ನಮೂನೆಯ ಬೀಡಿ ಬಾಗಿಯಕ್ಕ. ಹೊರಗಿನಿಂದ ಸರಿಯಾಗಿ ಉಂಟು, ಒಳಗೆ ತಂಬಾಕಿಲ್ಲ."

ಮೂವರೂ ನಕ್ಕರು. ವಾರಿಜಾಳ ಕೈ ಆಗಲೂ ನಿಲ್ಲಲಿಲ್ಲ.

ಅಷ್ಟರಲ್ಲಿ ಪಡುವಣದಿಂದ ಮಳೆ ಸದ್ದು ಮಾಡುತ್ತ ಬಂತು. "ಅಲ್ಲಾ, ನನ್ನ ಬಟ್ಟೆ!" ಎನ್ನುತ್ತ ನಫೀಸಮ್ಮ ಓಡಿದಳು. ಹಂಚಿನ ಮೇಲೆ ಮಳೆ ಬಡಿಯಿತು. ರೇಡಿಯೋದಲ್ಲಿ ವಾರಿಜಾಳಿಗೆ ಇಷ್ಟದ ಹಾಡು ಶುರುವಾಗಿತ್ತು. ಅವಳು ಕಿವಿ ಅತ್ತ ಕೊಟ್ಟಳು. ಬಾಗಿ ಹತ್ತಿರಕ್ಕೆ ಸರಿದು ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಸ್ವಲ್ಪ ಹೊತ್ತು ಹೇಳಿದಳು.

"ಹೂಂ," ಎಂದಳು ವಾರಿಜಾ.

"ಸತ್ಯವಾ? ಮಾಡ್ತೀಯಾ?"

"ಹೂಂ, ಹೂಂ."

ಬಾಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನು ನನಗೆ ಎಂತ ಚಿಂತೆಯೂ ಇಲ್ಲ ಮಗಾ."

ಆಗ ವಾರಿಜಾ ತಿರುಗಿ ನೋಡಿದಳು. ಅಮ್ಮನ ಕೈಯಲ್ಲಿ ಒಂದು ಎಲೆ ನರ ಬಿಡಿಸದೆ ಹಾಗೇ ಇತ್ತು. ಯಾವಾಗಿನಿಂದ ಆ ಕೈ ನಿಂತಿತ್ತೋ. "ಎಂತ ಅಮ್ಮ?" ಎಂಬ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ನಫೀಸಮ್ಮ ಅರ್ಧ ಒದ್ದೆಯಾದ ಬಟ್ಟೆಯ ರಾಶಿ ಎತ್ತಿಕೊಂಡು, ಮಳೆಗೆ ಬೈಯುತ್ತ ಮೆಟ್ಟಿಲು ಹತ್ತಿದಳು. ಇರಲಿ, ಸಂಜೆಯೊಳಗೆ ಇನ್ನೊಮ್ಮೆ ಹೇಳುತ್ತಾಳೆ ಎಂದುಕೊಂಡಳು ವಾರಿಜಾ. ಯಾವ ಮಾತನ್ನಾದರೂ ಅಮ್ಮ ಒಂದೇ ಸಲಕ್ಕೆ ಬಿಟ್ಟದ್ದುಂಟೇ?

ಬಾಗಿ ಆ ಮಾತನ್ನು ಮತ್ತೆ ಎತ್ತಲಿಲ್ಲ. ಮುಗಿದುಹೋದ ಮಾತು ಎಂಬಂತೆ ಇದ್ದಳು. ಆ ದಿನಗಳಲ್ಲಿ ಅವಳ ಮೈಯೇ ಹಗುರವಾದ ಹಾಗಿತ್ತು. ಕಣ್ಣು ಕಾಣದಿದ್ದರೂ ಹಟ ಮಾಡಿ ಅಂಗಳ ಗುಡಿಸಿದಳು. ವಾರಿಜಾಳಿಗೆ ಕೇಳಲು ನಾಚಿಕೆಯಾಯಿತು. ನಾಳೆ ಕೇಳುತ್ತೇನೆ ಎಂದು ಮುಂದೆ ಹಾಕಿದಳು.

ಒಂದು ಬೆಳಿಗ್ಗೆ ಬಾಗಿ ಬಚ್ಚಲಲ್ಲಿ ಬಿದ್ದಳು.

ಊರಿನ ಜೋಕಿಮನ ಟ್ಯಾಕ್ಸಿಯಲ್ಲಿ ಮಣಿಪಾಲದ ದೊಡ್ಡಾಸ್ಪತ್ರೆಗೆ ಕೊಂಡುಹೋದರು. ಬಲಬದಿ ಕೈಕಾಲು ಸ್ವಾಧೀನ ತಪ್ಪಿತ್ತು. ಮಾತು ಹೋಗಿತ್ತು. ಕಣ್ಣು ಬಿಟ್ಟ ಮೇಲೆ ಒಂದು ಸದ್ದು ಮಾತ್ರ ಬಂತು. "ಹೂಂ."

"ನೀರು ಬೇಕಾ ಅಮ್ಮ?"

"ಹೂಂ."

ನೀರು ಕೊಟ್ಟರೆ ತುಟಿಯಿಂದ ಹೊರಕ್ಕೆ ಇಳಿಯಿತು.

"ಬೇಡವಾ?"

"ಹೂಂ."

ತಲೆಯೊಳಗೆ ಮಾತಿನ ಜಾಗಕ್ಕೇ ಪೆಟ್ಟಾಗಿದೆ, ಉಳಿದದ್ದು ಇದೊಂದು ಸದ್ದು, ನಾವು ಹೇಳಿದ್ದು ಅವರಿಗೆ ತಿಳಿಯಬಹುದು ಎಂದರು ಡಾಕ್ಟರು. ವಾರಿಜಾ ಮಂಚದ ಬದಿಯಲ್ಲಿ ನಿಂತು ಒಂದರ ಮೇಲೊಂದು ಕೇಳುತ್ತಲೇ ಇದ್ದಳು. ನೋವುಂಟಾ, ಹಸಿವೆಯಾ, ಹೊದೆಸಬೇಕಾ? ಎಲ್ಲದಕ್ಕೂ ಹೂಂ. ಕೊನೆಗೆ ವಾರ್ಡಿನ ನರ್ಸು, ಶಿರ್ವದ ಜೆರ್ಟ್ರೂಡ್, ಅವಳ ಭುಜ ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು.

"ಒಂದು ಸಲಕ್ಕೆ ಒಂದೇ ಕೇಳಿ. ಕೇಳಿ ಬಾಯಿ ಮುಚ್ಚಿ, ಮುಖ ನೋಡಿ. ಉತ್ತರ ಬರುವ ಮೊದಲೇ ನೀವು ಇನ್ನೊಂದು ಕೇಳ್ತೀರಿ, ಮತ್ತೆ ಅವರು ಎಂತ ಮಾಡುವುದು?"

"ಎಲ್ಲದಕ್ಕೂ ಒಂದೇ ಹೂಂ ಅಲ್ವಾ ಸಿಸ್ಟರ್?"

"ಒಂದೇ ಅಂತ ಯಾರು ಹೇಳಿದ್ದು? ಕೇಳಿ ನೋಡಿ."

ಮನೆಗೆ ಕರೆತಂದ ಮೇಲೆ ವಾರಿಜಾ ಹಾಗೆ ಕೇಳಲು ಕಲಿತಳು. ಬೇಗ ಬರಲಿಲ್ಲ. ರೇಡಿಯೋ ಆರಿಸಿ, ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದಳು. ಅಮ್ಮನ ಚಾಪೆಯ ಹತ್ತಿರ ಕೂತು ಒಂದು ಮಾತು ಕೇಳುವಳು. ಆಮೇಲೆ ಸುಮ್ಮನೆ ಮುಖ ನೋಡುವಳು. ಮನಸ್ಸು ಬೊಂಬಾಯಿಗೋ ಬ್ರಾಂಚಿಗೋ ಹೊರಟುಬಿಡುತ್ತಿತ್ತು. ಹೋದದ್ದು ಗೊತ್ತಾದಾಗ ಮತ್ತೆ ಅಮ್ಮನ ಮುಖಕ್ಕೆ ತರುವಳು. ಮತ್ತೆ ಹೋಗುತ್ತಿತ್ತು. ಮತ್ತೆ ತರುವಳು. ಹೀಗೆ ಮಾಡುತ್ತ ಮಾಡುತ್ತ, ತುದಿಯಲ್ಲಿ ದನಿ ಮೇಲೇರುವ ಹೂಂ ನೀರಿಗೆಂದು ತಿಳಿಯಿತು. ತುಂಡಾಗಿ ಬರುವುದು ತಲೆದಿಂಬಿಗೆ. ಮೂಗಿನಲ್ಲೇ ಉಳಿಯುವುದು ಸೊಂಟದ ನೋವಿಗೆ. ನಫೀಸಮ್ಮ ಅಂಗಳದಲ್ಲಿ ನಕ್ಕರೆ ಬೇರೆಯೇ ಒಂದು ಬರುತ್ತಿತ್ತು, ಅದಕ್ಕೆ ಏನೂ ಬೇಕಾಗಿರಲಿಲ್ಲ. ಅಮ್ಮನ ಕಿವಿಯ ಕೆಳಗೆ ಒಂದು ಸಣ್ಣ ಮಚ್ಚೆಯಿತ್ತು. ಹುಟ್ಟಿದಾಗಿನಿಂದ ಜೊತೆಗಿದ್ದ ಅಮ್ಮನಲ್ಲಿ ವಾರಿಜಾ ಅದನ್ನು ನೋಡಿದ್ದು ಆಗಲೇ.

ಬೀಡಿ ಮಾತ್ರ ಕೆಟ್ಟಿತು. ಎಲ್ಲವನ್ನೂ ನೋಡಿ ಮಾಡುವ ಅಭ್ಯಾಸ ಹತ್ತಿದ ಮೇಲೆ ಅವಳು ತನ್ನ ಕೈಗಳನ್ನೂ ನೋಡತೊಡಗಿದ್ದಳು, ನೋಡಿದ ಕೂಡಲೇ ಕೈ ತಡವರಿಸುತ್ತಿತ್ತು. ಸುತ್ತು ಸಡಿಲವಾಗುವುದು, ಬಾಯಿ ಬಿಚ್ಚಿಕೊಳ್ಳುವುದು. ಬ್ರಾಂಚಿನಲ್ಲಿ ಬೀಡಿ ಆರಿಸುವ ವಾಸು ಒಂದನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ಎಂತ ವಾರಿಜಕ್ಕ, ಬೀಡಿಗೆ ಬಸಿರಾ? ಹೊಟ್ಟೆ ಮುಂದೆ ಬಂದಿದೆ."

ಹೆಂಗಸರು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಮದುವೆಯಾಗಿ ಇಷ್ಟು ವರ್ಷವಾದರೂ ವಾರಿಜಾಳಿಗೆ ಮಕ್ಕಳಿರಲಿಲ್ಲ. ವಾಸು ನಾಲಿಗೆ ಕಚ್ಚಿಕೊಂಡು ಆ ಬೀಡಿಯನ್ನು ಒಳ್ಳೆಯದರ ಜೊತೆಗೇ ಹಾಕಿದ.

ಮನೆಗೆ ನಡೆಯುವಾಗ ಅವಳಿಗೆ ಹೊಳೆಯಿತು. ಆ ಮಳೆಯ ದಿನ ಅಮ್ಮ ತಗ್ಗಿದ ದನಿಯಲ್ಲಿ ಕೇಳಿದ್ದು ಅದೇ ಇರಬೇಕು, ಹರಕೆಯ ಮಾತು. ಮಕ್ಕಳಾಗಲಿ ಎಂದು ಪೆರ್ಡೂರಿನ ದೇವರಿಗೆ ಬಾಳೆಗೊನೆ ಕೊಡುವ ಹರಕೆ. ನಫೀಸಮ್ಮನನ್ನು ಅಮ್ಮನ ಹತ್ತಿರ ಕೂರಿಸಿ, ಉಡುಪಿಯಲ್ಲಿ ಬಸ್ಸು ಬದಲಿಸಿ ಪೆರ್ಡೂರಿಗೆ ಹೋಗಿ ಗೊನೆ ಒಪ್ಪಿಸಿ ಬಂದಳು. ಪ್ರಸಾದದ ಹಣ್ಣನ್ನು ಬೆರಳಿನಿಂದ ಹಿಸುಕಿ ಅಮ್ಮನ ನಾಲಿಗೆಗೆ ಹಚ್ಚಿದಳು.

"ಪೆರ್ಡೂರಿಗೆ ಹೋಗಿ ಬಂದೆ ಅಮ್ಮ. ಇದೇ ಅಲ್ವಾ?"

"ಹೂಂ."

ವಾರಿಜಾ ಕಾದಳು, ಮುಖ ನೋಡಿದಳು. ಅದು ಹಣ್ಣು ಸಿಹಿಯಾಗಿದೆ ಎಂಬ ಹೂಂ.

ಹಾಗಾದರೆ ಅದು ತಮ್ಮನನ್ನು ಕರೆಸುವ ಮಾತು ಇರಬೇಕು. ಧರ್ಮಪಾಲ ಕಾರ್ಕಳದಲ್ಲಿ ಸೈಕಲ್ ಶಾಪಿನಲ್ಲಿದ್ದ. ಹಿತ್ತಿಲಿನ ತೆಂಗಿನಮರಗಳ ಪಾಲಿನ ಮಾತಿಗೆ ಅಕ್ಕನೊಡನೆ ಜಗಳವಾಡಿ ಹೋದವನು ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಅಮ್ಮ ಬಿದ್ದ ಸುದ್ದಿಯನ್ನು ಅವನಿಗೆ ಯಾರೂ ಮುಟ್ಟಿಸಿರಲಿಲ್ಲ. ವಾರಿಜಾ ತಾನೇ ಹೋಗಿ ಶಾಪಿನ ಎದುರು ನಿಂತಳು. ಅವನು ಟ್ಯೂಬು ಮುಳುಗಿಸಿದ ನೀರಿನಿಂದ ತಲೆ ಎತ್ತಲಿಲ್ಲ.

"ಅಮ್ಮ ಕರೆದಳಾ?"

"ಅಮ್ಮನಿಗೆ ಮಾತೇ ಇಲ್ಲ ತಮ್ಮಾ."

ಅವನ ಕೈ ನೀರಿನಲ್ಲೇ ಉಳಿಯಿತು.

ಅವತ್ತೇ ಬಂದ. ಅಮ್ಮನ ಕಾಲ ಬುಡದಲ್ಲಿ ಕೂತು ಗಂಡಸೆಂಬ ಸಂಕೋಚವಿಲ್ಲದೆ ಅತ್ತ. ಗಂಜಿ ಕುಡಿಸಿದ. ಸಂಜೆ ಜಗಲಿಯಲ್ಲಿ ವಾರಿಜಾ ಹೇಳಿದಳು, "ನಿನ್ನನ್ನು ಕರೆಸಬೇಕು ಅಂತ ಅಮ್ಮನಿಗೆ ಇತ್ತು ಕಾಣುತ್ತದೆ."

"ಕರೆಸುವುದು ಎಂತಕ್ಕೆ ಅಕ್ಕ? ಆಟಿಯಲ್ಲಿ ಅವಳೇ ಬಂದಿದ್ದಳಲ್ಲ."

"ಎಲ್ಲಿಗೆ?"

"ಕಾರ್ಕಳಕ್ಕೆ. ಕಂಡಕ್ಟರುಗಳಲ್ಲಿ ಕೇಳಿ ಕೇಳಿ, ತಡವಿಕೊಂಡು ಬಂದಳು. ನಾನೇ ಬೈದೆ, ಈ ಮಳೆಯಲ್ಲಿ ಅಕ್ಕ ಹೇಗೆ ಬಿಟ್ಟಳು ಅಂತ. ನಿನಗೆ ಹೇಳಿಯೇ ಬಂದದ್ದಂತೆ. ನೀನು ಹೂಂ ಅಂದೆಯಂತೆ."

ವಾರಿಜಾಳಿಗೆ ಆ ದಿನ ನೆನಪಾಯಿತು. ಅಮ್ಮ ಕೊಡೆ ಹಿಡಿದು ಮೆಟ್ಟಿಲಿಳಿದದ್ದು, ಸಂಜೆ ಒದ್ದೆಯಾಗಿ ಬಂದದ್ದು. ಚಿಕ್ಕಮ್ಮನ ಮನೆಗೆ ಹೋಗಿರಬೇಕು ಎಂದುಕೊಂಡಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿರಲಿಲ್ಲ. ಅಮ್ಮನಿಗೆ ಅದನ್ನು ಹೇಳುವ ಅಗತ್ಯವೂ ಇರಲಿಲ್ಲ, ಹೇಳಿಯೇ ಹೋಗಿದ್ದಳಲ್ಲ. ಇಂಥ ಮಾತು ಇನ್ನೆಷ್ಟು ಕಿವಿಗೆ ಬೀಳದೆ ಹೋಗಿವೆಯೋ ಎಂದು ಅವಳು ಆ ಸಂಜೆ ಮೊರದ ಮುಂದೆ ಬೀಡಿ ಕಟ್ಟದೆ ಕೂತಳು.

ನಫೀಸಮ್ಮನಿಗೆ ಮಾತ್ರ ಎಲ್ಲ ಹೇಳಿದಳು. ನಫೀಸಮ್ಮ ಬಹಳ ಯೋಚಿಸಿದಳು. "ನಾನು ಬಟ್ಟೆಗೆ ಓಡಿದ್ದೆ ಮಾರಾಯ್ತಿ. ಬರುವಾಗ ಬಾಗಿಯಕ್ಕ ಚಿಂತೆ ಇಲ್ಲ ಅಂದದ್ದು ಮಾತ್ರ ಕೇಳಿತು. ಆ ಹಾಳು ಬಟ್ಟೆ ಹೇಗೂ ಒದ್ದೆಯೇ ಆಯಿತು." ಆಮೇಲೆ ಹೇಳಿದಳು, "ಕೇಳಿರಲಿಲ್ಲ ಅಂತ ಒಮ್ಮೆ ಹೇಳಿಬಿಡು. ತಾಯಿ ಅಲ್ವಾ? ಕೋಪ ಮಾಡಲಿಕ್ಕೆ ಉಂಟಾ?"

"ಕೋಪ ಮಾಡಿದರೆ ಬೈಸಿಕೊಳ್ಳಬಹುದಿತ್ತು. ಹೋದ ಚಿಂತೆ ತಿರುಗಿ ಬಂದರೆ? ಇನ್ನೊಮ್ಮೆ ಹೇಳಲಿಕ್ಕೆ ಅವಳಲ್ಲಿ ಬಾಯಿ ಎಲ್ಲುಂಟು?"

ನಫೀಸಮ್ಮ ಒಂದು ಎಲೆ ಎತ್ತಿ ಕಟ್ಟತೊಡಗಿದಳು.

ಆದರೂ ಅದನ್ನು ಹೊತ್ತುಕೊಂಡಿರಲು ವಾರಿಜಾಳಿಗೆ ಆಗಲಿಲ್ಲ. ಗದ್ದೆ ಕೊಯ್ಲು ನಡೆಯುತ್ತಿತ್ತು. ಒಂದು ಮಧ್ಯಾಹ್ನ, ಕೊಯ್ದ ಪೈರಿನ ಸೂಡಿ ಹೊತ್ತವರು ಅಂಗಳದ ಬದಿಯಿಂದ ಸಾಲಾಗಿ ಹೋಗುತ್ತಿದ್ದಾಗ, ಅವಳು ಅಮ್ಮನ ಮುಖದ ಹತ್ತಿರ ಬಗ್ಗಿದಳು. ಬಾಗಿ ಈಗ ಬಹಳ ಇಳಿದಿದ್ದಳು. ಗಂಜಿಯೂ ಸರಿಯಾಗಿ ಇಳಿಯುತ್ತಿರಲಿಲ್ಲ.

"ಅಮ್ಮಾ. ಸೋಣದಲ್ಲಿ ಒಂದು ದಿನ ಮಳೆ ಬಂತು. ನಫೀಸಮ್ಮ ಬಟ್ಟೆಗೆ ಓಡಿದಳು. ಆಗ ನೀನು ನನ್ನಲ್ಲಿ ಒಂದು ಮಾತು ಹೇಳಿದೆ."

"ಹೂಂ."

ಈ ಹೂಂ ಇಲ್ಲಿಯವರೆಗೆ ಬಂದಿರಲಿಲ್ಲ. ಆಳದಿಂದ ನಿಧಾನಕ್ಕೆ ಬಂದು, ಬಂದ ಮೇಲೂ ಸ್ವಲ್ಪ ಹೊತ್ತು ಉಳಿಯಿತು. ಅದರಲ್ಲಿ ನೋವಿರಲಿಲ್ಲ, ಬೇಕು ಎಂಬುದಿರಲಿಲ್ಲ. ಬಾಗಿಯ ಎಡಗೈ ಹೊದಿಕೆಯಿಂದ ಹೊರಗೆ ಬಂದು ಮಗಳ ಕೈ ಹುಡುಕಿತು, ಸಿಕ್ಕಿದ ಮೇಲೆ ಅದರ ಮೇಲೆ ಮಲಗಿತು.

"ಆ ಮಾತು..." ಎಂದಳು ವಾರಿಜಾ.

ಮಂಜು ಕಣ್ಣುಗಳು ಅವಳ ಕಡೆಗೇ ಇದ್ದವು. ಹೊರಗೆ ಯಾರೋ ಸೂಡಿ ಇಳಿಸಿ ಉಸ್ಸೆಂದರು. ಬಾಯಿಗೆ ಬಂದದ್ದನ್ನು ವಾರಿಜಾ ನುಂಗಿದಳು.

"ಆ ಮಾತು ನಡೆಸ್ತೇನೆ ಅಮ್ಮ."

"ಹೂಂ," ಎಂದಳು ಬಾಗಿ, ಕಣ್ಣು ಮುಚ್ಚಿದಳು. ಅವಳಿಗೆ ನಿದ್ದೆ ಬರುವವರೆಗೂ ವಾರಿಜಾ ಕೈ ತೆಗೆಯಲಿಲ್ಲ.

ಕೊಯ್ಲು ಮುಗಿದ ವಾರ ಬಾಗಿ ಹೋದಳು. ಧರ್ಮಪಾಲ ಕೊಳ್ಳಿಯಿಟ್ಟ. ಗುಣಪಾಲ ಉತ್ತರಕ್ರಿಯೆಯ ಬೊಜ್ಜದ ಊಟದ ದಿನಕ್ಕೆ ಬಂದು ಮುಟ್ಟಿದ. ಬಂದವರಿಗೆ ಬಡಿಸುವ ಮೊದಲು, ಸತ್ತವಳಿಗೆಂದು ಎಲೆ ಹಾಕಿದ ಕೋಣೆಯ ಬಾಗಿಲಲ್ಲಿ, ಕುಟುಂಬದ ಹಿರಿಯರೊಬ್ಬರು ವಾರಿಜಾಳನ್ನು ಕೇಳಿದರು, "ತಾಯಿಯದ್ದು ಎಂತಾದರೂ ಬಾಕಿ ಉಂಟಾ ಮಗಾ? ಹರಕೆ, ಮಾತು, ಹಾಗೆ ಎಂತಾದರೂ?"

"ಉಂಟು."

"ಎಂತ?"

"ಗೊತ್ತಿಲ್ಲ."

ಹಿರಿಯರು ಗುಣಪಾಲನ ಮುಖ ನೋಡಿದರು. ಬೇಸರದಲ್ಲಿ ಏನೋ ಹೇಳುತ್ತಾಳೆ ಎಂದುಕೊಂಡು, ಸತ್ತವಳು ಬಂದು ಉಣ್ಣಲೆಂದು ಬಾಗಿಲು ಎಳೆದರು.

ಮುಂದಿನ ಸೋಣದ ಹೊತ್ತಿಗೆ ಅವಳ ಕೈ ಸರಿಹೋಗಿತ್ತು, ನೋಡಿ ಕಟ್ಟಿದರೂ ಬೀಡಿ ಸಡಿಲವಾಗುತ್ತಿರಲಿಲ್ಲ. ಆದರೆ ಮೊದಲಿನಷ್ಟು ಆಗುತ್ತಿರಲಿಲ್ಲ. ಯಾರು ಮಾತಾಡಿದರೂ ಅವಳ ಕೈ ನಿಲ್ಲುತ್ತಿತ್ತು. ನಫೀಸಮ್ಮ ಮೀನಿನ ಕ್ರಯ ಹೇಳಿದರೂ ಎಲೆ ಕೆಳಗಿಟ್ಟು ಮುಖ ನೋಡುವಳು.

"ಹೀಗೆ ನೋಡಿದರೆ ನನಗೆ ಹೇಳಬೇಕಾದದ್ದೇ ಮರೆತುಹೋಗ್ತದೆ ಮಾರಾಯ್ತಿ. ಸುಮ್ಮನೆ ಒಂದು ಹೂಂ ಅನ್ನು, ಸಾಕು."

"ಬೇಡ. ಹೇಳಿ, ಕೇಳ್ತೇನೆ."

ಆಗ ಪಡುವಣದಿಂದ ಮಳೆ ಬಂತು. ನಫೀಸಮ್ಮ ಬಟ್ಟೆಗೆ ಓಡಿದಳು. ವಾರಿಜಾ ಮೊರವನ್ನು ಬದಿಗಿಟ್ಟು, ಖಾಲಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಅಮ್ಮ ಕೂರುತ್ತಿದ್ದ ಕಡೆಗೆ ಸ್ವಲ್ಪ ತಿರುಗಿ ಕೂತಳು. ಮಳೆ ಮೊದಲು ತೆಂಗಿನ ಗರಿಗೆ, ಆಮೇಲೆ ಹಂಚಿಗೆ, ಆಮೇಲೆ ಅಂಗಳದ ನೀರಿಗೆ ಬಿತ್ತು. ಮೂರರ ಸದ್ದೂ ಬೇರೆ ಬೇರೆ. ನಡುವೆ ಎಲ್ಲಾದರೂ ಒಂದು ತಗ್ಗಿದ ದನಿ ಇದ್ದಿದ್ದರೆ ಈಗ ಕೇಳಿಸುತ್ತಿತ್ತು.

ನಫೀಸಮ್ಮ ಬಟ್ಟೆಯೊಂದಿಗೆ ಮೆಟ್ಟಿಲು ಹತ್ತಿ ಬಂದು, ಅವಳನ್ನು ನೋಡಿ, ಬಟ್ಟೆಯನ್ನು ಮೆಲ್ಲಗೆ ಬದಿಗಿಟ್ಟು ತನ್ನ ಜಾಗದಲ್ಲಿ ಕೂತಳು.

ಮಳೆ ಬಿಟ್ಟಿತು. ವಾರಿಜಾ ಬೀಡಿ ಎಲೆಗೆ ಮುಚ್ಚಿದ್ದ ಗೋಣಿಯ ಅಡಿಯಿಂದ ಒಂದು ಎಲೆ ತೆಗೆದು, ಅದರ ನರವನ್ನು ತಾನೇ ಬಿಡಿಸತೊಡಗಿದಳು.