ಎರಡನೇ ಮಹಡಿಯ ಬಾಗಿಲು

ಕಾಲೇಜಿಗೆ ಸೀಟು ಸಿಕ್ಕ ಮನೆಯಲ್ಲಿ ನಗು ಕೇಳಿಸಬೇಕು, ಅಲ್ಲವೇ? ನನ್ನ ಗೆಳತಿಯ ಮನೆಯಲ್ಲಿ ಮಾತ್ರ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡದೆ ಉಂಡು ಏಳುತ್ತಿದ್ದರು.

ಅವಳು ಕಾಲೇಜಿನಲ್ಲಿ ಲಿಫ್ಟ್ ನಡೆಸುವವಳು. ನಾನು ಅದೇ ಕಟ್ಟಡದ ಮೆಟ್ಟಿಲು ಒರೆಸುವವಳು. ಮಕ್ಕಳು ಅವಳನ್ನು ಲಿಫ್ಟಮ್ಮ ಅಂತಲೂ ನನ್ನನ್ನು ಮೆಟ್ಟಿಲಮ್ಮ ಅಂತಲೂ ಕರೆಯುತ್ತಾರೆ. ಕರೆಯಲಿ ಬಿಡಿ, ಅಪ್ಪ ಅಮ್ಮ ಇಟ್ಟ ಹೆಸರಿಗಿಂತ ಇದೇ ಚೆನ್ನಾಗಿದೆ.

ನಾಲ್ಕನೇ ಮಹಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದನ್ನು ಕಲಿಸುತ್ತಾರೆ. ಲಿಫ್ಟಿನ ಬಾಗಿಲು ತೆರೆದರೆ ಎದುರು ಗೋಡೆಯಲ್ಲಿ ಅಕ್ಷರಗಳ ಪಟ ಕಾಣುತ್ತದೆ. ಮೇಲೆ ದಪ್ಪಕ್ಷರ, ಕೆಳಗೆ ಬರುಬರುತ್ತಾ ಸಣ್ಣಕ್ಷರ. ಬಿಳಿ ಕೋಟು ಹಾಕಿದ ಮಕ್ಕಳು ಅಲ್ಲಿ ಓಡಾಡುತ್ತಿರುತ್ತಾರೆ. ಲಿಫ್ಟಮ್ಮ ಆ ಮಹಡಿಯಲ್ಲಿ ಮಾತ್ರ ಬಾಗಿಲು ಮುಚ್ಚಲು ತಡ ಮಾಡುತ್ತಿದ್ದಳು. ಮಗಳನ್ನು ಆ ಕೋಟಿನಲ್ಲಿ ಕಾಣುವ ಆಸೆ ಅವಳಿಗೆ. ಆ ಆಸೆಗೆ ಅವಳ ಕಣ್ಣು ತುಂಬುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಈಗ ಅದೇ ಕೋರ್ಸಿಗೆ ಮಗಳಿಗೆ ಸೀಟು ಸಿಕ್ಕಿತ್ತು. ಸಾಲ ಕೊಡುತ್ತೇವೆ, ಜಾಮೀನಿಗೆ ಯಾರಾದರೂ ರುಜು ಹಾಕಲಿ ಎಂದರು ಬ್ಯಾಂಕಿನವರು. ಲಿಫ್ಟಮ್ಮನಿಗೆ ಗಂಡ ಇಲ್ಲ. ಅವಳ ಸಂಬಳ ಅವರ ಲೆಕ್ಕಕ್ಕೆ ಸಾಲದು. ಅಣ್ಣನೊಬ್ಬ ಇದ್ದಾನೆ, ನಿಜ. ಹಿಂದೊಮ್ಮೆ ಯಾರಿಗೋ ರುಜು ಹಾಕಿ, ಆ ಮನುಷ್ಯ ಕೈಯೆತ್ತಿದ ಮೇಲೆ ಸಾಲವನ್ನೆಲ್ಲ ತಾನೇ ತೀರಿಸಿ ಹೈರಾಣಾದವನು. "ಇದೊಂದು ಕೇಳ್ಬೇಡ ತಂಗಿ, ಕೈ ಮುಗೀತೀನಿ" ಎಂದುಬಿಟ್ಟ. ಅವನನ್ನು ಬಯ್ಯುವ ಹಾಗೂ ಇಲ್ಲ.

ಒಂದು ಮಧ್ಯಾಹ್ನ ಮೆಟ್ಟಿಲ ಕೆಳಗೆ ಕೂತು ಊಟದ ಡಬ್ಬಿ ಬಿಚ್ಚಿದೆವು.

"ಪೇಟೇಲಿ ಒಬ್ಬ ಇದ್ದಾನಂತೆ ಕಣೇ. ದುಡ್ಡು ಕೊಟ್ರೆ ಜಾಮೀನಿಗೆ ರುಜು ಹಾಕ್ತಾನಂತೆ. ಕಿವಿ ಓಲೆ ಮಾರಿಬಿಡ್ಲಾ?" ಎಂದಳು.

"ನಿನ್ನ ಬುದ್ಧಿ ಮೇಯೋಕೆ ಹೋಗಿದೆಯಾ? ಅವನು ಯಾರೋ ಏನೋ! ಓಲೇನೂ ಹೋಗುತ್ತೆ, ಸಾಲವೂ ಬರಲ್ಲ. ಎರಡನೇ ಮಹಡೀಲಿ ಕೇಳಿದ್ಯಾ?"

"ವಿದ್ಯಾರ್ಥಿ ನೆರವಿನ ಕೋಣೇಲಾ? ಅಯ್ಯೋ, ಬೇಡಮ್ಮ! ಅಲ್ಲಿಂದ ಬರೋ ಮಕ್ಕಳ ಮುಖ ನಾನು ದಿನಾ ನೋಡ್ತೀನಿ. ಎಲ್ಲಾ ಜೋಲು ಮುಖ. ಒಬ್ಬರಾದ್ರೂ ನಗ್ತಾ ಲಿಫ್ಟ್ ಹತ್ತಿದ್ದು ನಾ ಕಾಣೆ."

ನನಗೆ ನಗು ತಡೆಯಲಾಗದೆ ತುತ್ತು ನೆತ್ತಿಗೇರಿತು.

"ನಗೋರು ನಿನ್ನ ಲಿಫ್ಟಿಗೆ ಕಾಯ್ತಾರೇನೇ ಪೆದ್ದಿ? ನೆರವು ಸಿಕ್ಕಿದವರು ಮೆಟ್ಟಿಲಲ್ಲಿ ಓಡ್ತಾರೆ! ನಾನು ಒರೆಸಿ ತಿರುಗೋದ್ರೊಳಗೆ ದಡದಡ ಅಂತ ತುಳ್ಕೊಂಡು ಹೋಗ್ತಾರೆ. ಜಾರ್ತೀರಪ್ಪಾ ಅಂತ ಬಡ್ಕೊಂಡ್ರೂ ಕೇಳಲ್ಲ. ನಿನಗೆ ಸಿಗೋದು ಬೇಜಾರಾದವರು ಮಾತ್ರ."

ಅವಳು ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದಳು. ಇಷ್ಟು ವರ್ಷ ಆ ಮಹಡಿಯಲ್ಲಿ ಬಾಗಿಲು ತೆರೆದವಳು ಒಮ್ಮೆಯೂ ಹೊರಗೆ ಕಾಲಿಟ್ಟಿರಲಿಲ್ಲ.

"ಕೇಳಿದವರಿಗೆಲ್ಲಾ ಸಿಗುತ್ತಾ?"

"ಎಲ್ಲರಿಗೂ ಸಿಗಲ್ಲ. ಸುಳ್ಳು ಯಾಕೆ ಹೇಳ್ಲಿ? ಆದ್ರೂ ಕೇಳೋದಕ್ಕೇನು ಧಾಡಿ ನಿನಗೆ?"

ಮರುದಿನ ತಾಯಿ ಮಗಳಿಬ್ಬರನ್ನೂ ನಾನೇ ಆ ಕೋಣೆಗೆ ಕರೆದುಕೊಂಡು ಹೋದೆ. ಲಿಫ್ಟಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಅಲ್ಲಿದ್ದ ಮೇಡಂ ಎಲ್ಲ ಕೇಳಿಸಿಕೊಂಡರು.

"ಮೊದಲೇ ಸಾಲ ಯಾಕಮ್ಮ?" ಎಂದರು. "ವಾಪಸ್ ಕೊಡಬೇಕಾಗಿಲ್ಲದ ದುಡ್ಡು ಮೊದಲು ನೋಡೋಣ. ವಿದ್ಯಾರ್ಥಿವೇತನ ಇದೆ, ಶುಲ್ಕ ರಿಯಾಯಿತಿ ಇದೆ. ಇಲ್ಲಿ ಕೆಲಸ ಮಾಡೋರ ಮಕ್ಕಳಿಗೆ ಬೇರೆ ರಿಯಾಯಿತಿನೇ ಇದೆ. ನಿಮಗೆ ಗೊತ್ತಿರಲಿಲ್ವಾ?"

ಲಿಫ್ಟಮ್ಮ ತಲೆ ತಗ್ಗಿಸಿದಳು.

"ಅದೂ ಸಾಲದಿದ್ರೆ, ಮೇಡಂ?" ಮಗಳು ಕೇಳಿದಳು.

"ಕಂತಲ್ಲಿ ಕಟ್ಟಬಹುದು. ಓದ್ತಾನೇ ಲೈಬ್ರರೀಲಿ ಕೆಲಸ ಮಾಡಬಹುದು. ಆಮೇಲೂ ಬೇಕಾದ್ರೆ ಜಾಮೀನು ಕೇಳದ ಶಿಕ್ಷಣ ಸಾಲಗಳಿವೆ, ಸರ್ಕಾರದ್ದು ಮೊದಲು ವಿಚಾರಿಸೋಣ. ಬಡ್ಡಿ ಎಷ್ಟು, ಯಾವಾಗಿಂದ ತೀರಿಸ್ಬೇಕು, ಎಲ್ಲಾ ಕೇಳಿ ತಿಳ್ಕೋ. ಬೇಕಾದಷ್ಟೇ ತಗೋ. ಅರ್ಜಿಗೆ ಶುಕ್ರವಾರ ಕೊನೆ, ನೆನಪಿರಲಿ."

ಶುಕ್ರವಾರ! ರುಜು ಹಾಕುವವರನ್ನು ಹುಡುಕುತ್ತಾ ಇನ್ನೇನು ಅದೂ ಕೈತಪ್ಪುತ್ತಿತ್ತು. ಹುಡುಗಿ ಅಲ್ಲೇ ಕೂತು ಅರ್ಜಿ ತುಂಬಿದಳು.

ಆಮೇಲೆ ಕಾಯುವ ಕೆಲಸ. ನಾಲ್ಕನೇ ಮಹಡಿ ಬಂದರೆ ಈಗ ಲಿಫ್ಟಮ್ಮ ಆ ಪಟದ ಕಡೆ ನೋಡುತ್ತಲೇ ಇರಲಿಲ್ಲ. ನೋಡಿದರೆ ಎಲ್ಲಿ ಕೈತಪ್ಪಿಹೋಗುತ್ತದೋ ಎಂಬ ಭಯ.

ಮೇಡಂ ಹುಡುಗಿಯನ್ನು ಕರೆಸಿದ ದಿನ ಲಿಫ್ಟಮ್ಮ ಲಿಫ್ಟನ್ನು ಎರಡನೇ ಮಹಡಿಯಲ್ಲೇ ನಿಲ್ಲಿಸಿಕೊಂಡಳು. ಯಾರಾದರೂ ಬಂದರೆ "ಕೆಟ್ಟಿದೆ, ಮೆಟ್ಟಿಲಲ್ಲಿ ಹೋಗಿ" ಎನ್ನುತ್ತಿದ್ದಳಂತೆ. ಕಾರಿಡಾರಿನ ಆ ತುದಿಗೆ ಅವಳು, ಈ ತುದಿಗೆ ಮೆಟ್ಟಿಲಲ್ಲಿ ನಾನು. ಆಗಷ್ಟೇ ಒರೆಸಿದ್ದೆ. ಕೋಣೆಯ ಬಾಗಿಲು ತೆರೆದ ಸದ್ದಾಯಿತು.

ದಡದಡ ಸದ್ದು!

"ಚಿಕ್ಕಮ್ಮಾ, ಸಿಕ್ತು! ರಿಯಾಯಿತಿ ಸಿಕ್ತು! ಉಳಿದದ್ದಕ್ಕೆ ಸಾಲವೂ ಇದೆಯಂತೆ, ಯಾರ ರುಜುವೂ ಬೇಡ್ವಂತೆ! ಅಮ್ಮ ಕೆಳಗಿದ್ದಾಳಾ?"

"ಜಾರ್ತೀಯೇ, ನಿಧಾನ! ಅಮ್ಮ ಇಲ್ಲೇ..." ಎನ್ನುವಷ್ಟರಲ್ಲಿ ಅವಳು ಕೆಳಗೆ ತಲುಪಿಯಾಗಿತ್ತು.

ಸದ್ದು ಕೇಳಿ ಲಿಫ್ಟಮ್ಮ ಬಾಗಿಲು ತೆರೆದೇ ಬಿಟ್ಟು ಓಡಿ ಬಂದಳು. ಒದ್ದೆ ಮೆಟ್ಟಿಲ ಮೇಲೆ ಮಗಳ ಹೆಜ್ಜೆ ಗುರುತು ಕೆಳಗಿನವರೆಗೂ ಮೂಡಿತ್ತು. ತಾಯಿ ಕೈಗಂಬಿ ಹಿಡಿದುಕೊಂಡು ಅಳತೊಡಗಿದಳು. ನಾನು ಒರೆಸುವ ಕೋಲು ಎತ್ತಿಕೊಂಡೆ.

"ಒರೆಸ್ಬೇಡ ಕಣೇ," ಎಂದಳು. "ಸ್ವಲ್ಪ ಹೊತ್ತು ಇರ್ಲಿ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನನಗೂ ಓದುವ ಆಸೆಯಿತ್ತು. ಇಂಥ ಬಾಗಿಲೊಂದಿದೆ ಎಂದು ಆಗ ಹೇಳುವವರಿರಲಿಲ್ಲ. ಪಾಠದ ದನಿ ಮೆಟ್ಟಿಲಿಗೆ ಕೇಳಿಸಿದಾಗ ಈಗಲೂ ನನ್ನ ಕೈ ನಿಲ್ಲುತ್ತದೆ. ನಿಮ್ಮ ಮಕ್ಕಳಿಗೆ ಹಾಗಾಗುವುದು ಬೇಡ. ನಿಯಮ ಎಲ್ಲ ಕಡೆ ಒಂದೇ ಇರುವುದಿಲ್ಲ, ಆದ್ದರಿಂದ ನಿಮ್ಮ ಕಾಲೇಜಿಗೇ ಹೋಗಿ, ನೆರವಿನ ಕೋಣೆ ಎಲ್ಲಿ, ಅರ್ಜಿಗೆ ಕೊನೆ ದಿನ ಯಾವುದು ಎಂದು ಕೇಳಿ. ರುಜುವಿಗೆ ದುಡ್ಡು ಕೇಳುವವರ ಹತ್ತಿರ ಸುಳಿಯಬೇಡಿ. ನಾಳೆ ಅನ್ನಬೇಡಿ, ಇವತ್ತೇ ಹೋಗಿ. ಮೆಟ್ಟಿಲು ಒದ್ದೆಯಿದ್ದರೆ ತುಳಿದುಕೊಂಡೇ ಹೋಗಿ, ನಾನು ಮತ್ತೆ ಒರೆಸಿಕೊಳ್ಳುತ್ತೇನೆ.